ಪಿರಮಿಡ್ ಪಕ್ಕದ ಆ ಕಲ್ಲು ಕಟ್ಟೆಗಳು ನಿಜಕ್ಕೂ ಖಾಲಿಯಾ?

ಓದುಗರ ಪ್ರಶ್ನೆ: ಮನೆಯವರೆಲ್ಲ ಸೇರಿ ಈಜಿಪ್ಟ್ ಪ್ರವಾಸಕ್ಕೆ ಹೋಗಿದ್ದೆವು. ಗೀಜಾದ ದೊಡ್ಡ ಪಿರಮಿಡ್ಡಿನ ಪಕ್ಕದಲ್ಲಿ ಕಲ್ಲಿನ ಕಟ್ಟೆಗಳು ಸಾಲು ಸಾಲಾಗಿವೆ. ಕೇಳಿದರೆ ನಮ್ಮ ಗೈಡ್ "ಅವೆಲ್ಲ ಸಣ್ಣಪುಟ್ಟ ಗೋರಿಗಳು, ಖಾಲಿ, ಕಳ್ಳರು ಯಾವಾಗಲೋ ದೋಚಿಕೊಂಡು ಹೋದರು" ಎಂದು ಹೇಳಿ ಒಂಟೆಗಳ ಕಡೆ ಕರೆದುಕೊಂಡು ಹೋದ. ಅವು ಯಾರ ಗೋರಿಗಳು? ಪಿರಮಿಡ್ ಕಟ್ಟಿದ ಗುಲಾಮರದಾ? ಎಲ್ಲ ದೋಚಿದ ಮೇಲೆ ಅಲ್ಲಿ ಅಗೆದವರಿಗೆ ಏನು ಸಿಗುತ್ತದೆ? ಇನ್ನೂ ಅಗೆಯದೆ ಉಳಿದದ್ದು ಏನಾದರೂ ಇದೆಯಾ?

ಉತ್ತರ: ನಿಮ್ಮ ಗೈಡ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಚಿನ್ನ, ಮಮ್ಮಿ ಎಂದು ಹುಡುಕಿಕೊಂಡು ಹೋದರೆ ಅವುಗಳಲ್ಲಿ ಹೆಚ್ಚಿನವು ಖಾಲಿಯೇ. ಆದರೆ ಆ ದೊಡ್ಡ ಪಿರಮಿಡ್ ಇದೆಯಲ್ಲ, ನೀವು ಬೆವರು ಸುರಿಸಿಕೊಂಡು ಬಗ್ಗಿ ಬಗ್ಗಿ ಹತ್ತಿದ್ದು, ಅದರ ಕೋಣೆಗಳ ಗೋಡೆಯಲ್ಲಿ ಒಂದು ಚಿತ್ರ ನೋಡಿದಿರಾ? ಒಂದು ಸಾಲು ಬರಹ? ಇಲ್ಲ. ರಾಜನ ಕೋಣೆಯ ಮೇಲೆ, ಕಟ್ಟಿದ ಮೇಲೆ ಯಾರೂ ಹೋಗಲಾಗದ ಕಿರುಗೂಡುಗಳಲ್ಲಿ ಕೆಲಸದವರು ಕೆಂಪು ಬಣ್ಣದಲ್ಲಿ ಗೀಚಿದ ತಂಡದ ಹೆಸರುಗಳಿವೆ. ಅವುಗಳಲ್ಲಿ ಪಿರಮಿಡ್ ಕಟ್ಟಿಸಿಕೊಂಡ ಖುಫು ರಾಜನ ಹೆಸರಿದೆ. ಅಷ್ಟು ಬಿಟ್ಟರೆ ಇಡೀ ಬೆಟ್ಟದಂಥ ಕಟ್ಟಡ ಮೂಕ. ಅದನ್ನು ಯಾರ ಉಸ್ತುವಾರಿಯಲ್ಲಿ ಕಟ್ಟಿದರು, ಆ ಮನೆತನದಲ್ಲಿ ಯಾರ್ಯಾರಿದ್ದರು, ಯಾರು ಯಾರನ್ನು ಮದುವೆಯಾದರು, ರೊಟ್ಟಿ ಸುಡುತ್ತಿದ್ದವರು ಯಾರು, ಇದೆಲ್ಲ ನಮಗೆ ಗೊತ್ತಾಗಿದ್ದು ಹೆಚ್ಚಾಗಿ ಆ "ಸಣ್ಣಪುಟ್ಟ" ಕಟ್ಟೆಗಳಿಂದಲೇ. ಒಂಟೆ ಕಡೆ ಹೋಗಿ ನೀವು ಕಳೆದುಕೊಂಡದ್ದು ಸ್ವಲ್ಪ ಜಾಸ್ತಿಯೇ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಹೆಸರು. ಇವನ್ನು ಮಸ್ತಬಾ ಎನ್ನುತ್ತಾರೆ. ಅರಬ್ಬಿ ಮಾತು. ಹಳ್ಳಿ ಮನೆಯ ಮುಂದೆ ಕೂರುವುದಕ್ಕೆ ಕಟ್ಟಿಕೊಂಡ ಮಣ್ಣಿನ ಕಟ್ಟೆಗೆ ಈಜಿಪ್ಟಿನಲ್ಲಿ ಹೇಳುವುದು ಹಾಗೆ. ಅಂದರೆ ನಮ್ಮ ಜಗಲಿ. 19ನೇ ಶತಮಾನದಲ್ಲಿ ಫ್ರಾನ್ಸಿನ ಆಗ್ಯೂಸ್ತ್ ಮರಿಯೆಟ್ ಅಗೆಸುತ್ತಿದ್ದಾಗ ಕೂಲಿಯವರು ಈ ಗೋರಿಗಳ ಆಕಾರ ನೋಡಿ ಜಗಲಿ, ಜಗಲಿ ಎನ್ನುತ್ತಿದ್ದರು, ಅದೇ ಪದ ಪುಸ್ತಕಕ್ಕೆ ಬಂತು. ಕನ್ನಡದಲ್ಲಿ ಧಾರಾಳವಾಗಿ ಜಗಲಿಗೋರಿ ಅನ್ನಬಹುದು, ನಾನು ಇಲ್ಲಿ ಹಾಗೇ ಬರೆಯುತ್ತೇನೆ.

ನೀವು ಮೇಲೆ ನೋಡಿದ್ದು ಬರೀ ಜಗಲಿ. ಹೆಣ ಇರುವುದು ಅದರೊಳಗಲ್ಲ. ಜಗಲಿಯ ನೆತ್ತಿಯಿಂದ ಒಂದು ಚೌಕ ಗುಂಡಿ, ಬಾವಿಯ ಹಾಗೆ, ನೆಲದ ಬಂಡೆಯನ್ನೂ ಕೊರೆದುಕೊಂಡು ಕೆಳಗಿಳಿಯುತ್ತದೆ. ತಳದಲ್ಲಿ ಒಂದು ಕೋಣೆ, ಅದರಲ್ಲಿ ಕಲ್ಲಿನ ಪೆಟ್ಟಿಗೆ. ಹೆಣ ಇಟ್ಟ ಮೇಲೆ ಕೋಣೆಗೆ ಕಲ್ಲು ಅಡ್ಡ ಇಟ್ಟು ಗುಂಡಿಗೆ ಜಲ್ಲಿ ತುಂಬಿಬಿಡುತ್ತಿದ್ದರು. ಅಲ್ಲಿಗೆ ಕೆಳಗಿನ ಭಾಗ ಶಾಶ್ವತವಾಗಿ ಬಂದ್. ಬದುಕಿರುವವರ ವ್ಯವಹಾರವೆಲ್ಲ ಮೇಲೆ, ಜಗಲಿಯ ಮೂಡಣ ಪಕ್ಕದಲ್ಲಿ. ಅಲ್ಲೊಂದು ಎಡೆ ಇಡುವ ಕೋಣೆ. ಎಡೆ ಎಂದದ್ದಕ್ಕೆ ಅವರಿಗೂ ನಮಗೂ ಏನೋ ನಂಟಿದೆ ಎಂದುಕೊಳ್ಳಬೇಡಿ, ಸತ್ತವರಿಗೆ ಊಟ ಇಡುವುದಕ್ಕೆ ಕನ್ನಡದಲ್ಲಿ ಅದಕ್ಕಿಂತ ಒಳ್ಳೆಯ ಪದ ಇಲ್ಲ ಅಷ್ಟೆ. ಆ ಕೋಣೆಯ ಪಡುವಣ ಗೋಡೆಯಲ್ಲಿ ಕಲ್ಲಿನಲ್ಲೇ ಕೆತ್ತಿದ ಹುಸಿಬಾಗಿಲು ಇರುತ್ತದೆ. ತೆರೆಯುವುದಿಲ್ಲ, ಆ ಕಡೆ ಏನೂ ಇಲ್ಲ. ಸತ್ತವರ "ಕಾ", ಅಂದರೆ ಉಣ್ಣುವ ತಿನ್ನುವ ಜೀವ, ಅದರ ಮೂಲಕ ಬಂದು ಎಡೆ ತೆಗೆದುಕೊಂಡು ಹೋಗುತ್ತದೆ ಎಂಬ ನಂಬಿಕೆ. ಇದು ಬರೀ ಮಾತಲ್ಲ ಎಂದು ತೋರಿಸಲು ಇದು ಎಂಬವನ ಗೋರಿ ಸಾಕು (ಹೌದು, ಅವನ ಹೆಸರೇ ಇದು). ಅವನ ಹುಸಿಬಾಗಿಲಿನ ಬುಡದಲ್ಲಿ ಅವನೇ ನೆಲದಿಂದ ಎದೆಮಟ್ಟ ಮೇಲೆದ್ದು, ಎರಡೂ ಅಂಗೈ ಮೇಲೆ ಮಾಡಿ ಕೂತಿದ್ದಾನೆ, ಊಟ ಎಲ್ಲಿ ಎನ್ನುವ ಹಾಗೆ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಚಾಚಿದ ಕೈ.

ಇದರ ಜತೆ ಇನ್ನೊಂದು ಸಣ್ಣ ಗೂಡು, ಸೆರ್ದಾಬ್. ನಾಲ್ಕೂ ಕಡೆ ಮುಚ್ಚಿದ್ದು. ಒಳಗೆ ಸತ್ತವರ ವಿಗ್ರಹ. ಕೆಲವಕ್ಕೆ ಎಡೆಕೋಣೆಯ ಕಡೆ ಒಂದು ಸಣ್ಣ ಕಿಂಡಿ ಮಾತ್ರ ಇರುತ್ತದೆ, ಧೂಪದ ವಾಸನೆ ಒಳಗೆ ಹೋಗಲು. ಈ ಗೂಡನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಯಾರವು ಎಂಬ ಪ್ರಶ್ನೆ. ಖುಫು ಆಳಿದ್ದು ಸುಮಾರು 4,600 ವರ್ಷಗಳ ಹಿಂದೆ, ನಾಲ್ಕನೇ ರಾಜವಂಶದಲ್ಲಿ. ಪಿರಮಿಡ್ ಏಳುತ್ತಿದ್ದಾಗಲೇ ಅದರ ಎರಡೂ ಪಕ್ಕ ಅಳತೆ ಹಿಡಿದು ಒಂದು ಬಡಾವಣೆ ಮಾಡಿದರು. ನಮ್ಮ ಲೇಔಟ್ ಭಾಷೆಯಲ್ಲೇ ಹೇಳುತ್ತೇನೆ, ಏಕೆಂದರೆ ಅದು ಅಷ್ಟು ಸರಿಯಾಗಿ ಹೊಂದುತ್ತದೆ. ನೇರ ರಸ್ತೆ, ಅಡ್ಡರಸ್ತೆ, ಒಂದೇ ಅಳತೆಯ ಸೈಟು. ಮೂಡಣ ಬಡಾವಣೆ ರಾಜನ ಮಕ್ಕಳು, ಸೊಸೆಯಂದಿರಿಗೆ. ಅಲ್ಲಿ ಎರಡೆರಡು ಜಗಲಿ ಸೇರಿಸಿ ಉದ್ದ ಮಾಡಿದ್ದಾರೆ, ಗಂಡನಿಗೊಂದು ಗುಂಡಿ, ಹೆಂಡತಿಗೊಂದು. ಪಡುವಣದ್ದು ದೂರದ ನೆಂಟರು, ದೊಡ್ಡ ಅಧಿಕಾರಿಗಳಿಗೆ. ಸರ್ಕಾರಿ ಖರ್ಚಿನಲ್ಲಿ ಒರಟು ಕಲ್ಲಿನ ದಿಬ್ಬಗಳನ್ನು ಮೊದಲೇ ಕಟ್ಟಿಟ್ಟು ಆಮೇಲೆ ಒಬ್ಬೊಬ್ಬರಿಗೆ ಹಂಚಿದ ಹಾಗೆ ಕಾಣುತ್ತದೆ. ಸಿಕ್ಕವರು ತಮ್ಮ ತಾಕತ್ತಿಗೆ ತಕ್ಕಂತೆ ನೈಲ್ ನದಿಯ ಆಚೆ ದಡದ ತುರಾದಿಂದ ಬಂದ ಬಿಳಿ ಸುಣ್ಣದಕಲ್ಲು ಹೊದಿಸಿಕೊಂಡರು, ಎಡೆಕೋಣೆ ಸೇರಿಸಿದರು, ಗೋಡೆಗೆ ಚಿತ್ರ ಕೆತ್ತಿಸಿದರು. ಎಷ್ಟೋ ಜಗಲಿಗಳು ಅರ್ಧಕ್ಕೇ ನಿಂತಿವೆ. ಅತ್ತ ಪಡುವಣದ ಬಡಾವಣೆಯಲ್ಲೇ ಅತಿ ದೊಡ್ಡದು, ಸುಮಾರು ನೂರು ಮೀಟರ್ ಉದ್ದದ್ದು, ಜಿ 2000 ಎಂಬ ನಂಬರಿನದು. ಅದರ ಯಜಮಾನನ ಹೆಸರೇ ಸಿಕ್ಕಿಲ್ಲ! ಅಷ್ಟು ದೊಡ್ಡ ಮನೆ ಕಟ್ಟಿಸಿಕೊಂಡವನು ಬಾಗಿಲಿಗೆ ಬೋರ್ಡು ಹಾಕಿಸಿಲ್ಲ.

ಆಮೇಲೆ ಐದನೇ, ಆರನೇ ರಾಜವಂಶದ ಹೊತ್ತಿಗೆ ಏನಾಯಿತೆಂದರೆ, ಒತ್ತುವರಿ. ಪೂಜಾರಿಗಳು, ಗುಮಾಸ್ತರು, ಅರಮನೆಯ ಸಣ್ಣ ನೌಕರರು ರಸ್ತೆಯ ಮಧ್ಯದಲ್ಲಿ, ಎರಡು ಜಗಲಿಗಳ ಸಂದಿಯಲ್ಲಿ, ಒಬ್ಬನ ಗೋಡೆಗೆ ಇನ್ನೊಬ್ಬ ಒರಗಿಕೊಂಡು, ಸಿಕ್ಕ ಜಾಗದಲ್ಲೆಲ್ಲ ಸಣ್ಣ ಗೋರಿ ಕಟ್ಟಿಕೊಂಡರು. ಇವತ್ತು ಪಡುವಣ ಭಾಗದಲ್ಲಿ ನಡೆದರೆ ದಾರಿ ತಪ್ಪುವುದು ಇದರಿಂದಲೇ. ನಮಗೆ ಈ ಒತ್ತುವರಿ ಒಂದು ವರ. ಒಬ್ಬನ ಗೋಡೆ ಇನ್ನೊಬ್ಬನ ಗೋಡೆಗೆ ಒರಗಿದ್ದರೆ ಒರಗಿಸಿಕೊಂಡವನು ಮೊದಲು, ಒರಗಿದವನು ಆಮೇಲೆ. ಎಲ್ಲ ಗೋರಿಗಳ ಮೇಲೂ ತಾರೀಕು ಬರೆದಿರುವುದಿಲ್ಲ. ಅಪ್ಪ ಯಾರು, ಮಗ ಯಾರು, ಯಾರ ಕಾಲದ್ದು ಎಂಬುದನ್ನು ಹೀಗೆ ಗೋಡೆ ಗೋಡೆ ಕೂಡುವ ಜಾಗ ನೋಡಿ, ಮಡಕೆಯ ಚೂರು ನೋಡಿ, ಕಲ್ಲಿನ ಮೇಲೆ ಕೆಲಸಗಾರರು ಬಣ್ಣದಲ್ಲಿ ಹಾಕಿದ ಗುರುತು ನೋಡಿ ಜೋಡಿಸಬೇಕು. ಕೆಲವು ಗುರುತುಗಳಲ್ಲಿ ರಾಜನ ಆಳ್ವಿಕೆಯ ಲೆಕ್ಕದ ವರ್ಷವೂ ಇರುತ್ತದೆ. ಅದು ಸಿಕ್ಕಿದ ದಿನ ಹಬ್ಬ.

ಇನ್ನು ಕಳ್ಳರ ವಿಚಾರ. ನಿಮ್ಮ ಪ್ರಶ್ನೆಯ ತಿರುಳು ಇದೇ ಅಲ್ವಾ, ದೋಚಿದ ಮೇಲೆ ಏನು ಉಳಿಯುತ್ತದೆ ಎನ್ನುವುದು. ಹೆಮಿಯುನು ಎಂಬವನ ಕತೆ ಹೇಳುತ್ತೇನೆ. ಪಡುವಣದ ಜಿ 4000 ಜಗಲಿ ಅವನದು. 1912ರಲ್ಲಿ ಆಸ್ಟ್ರಿಯಾದ ತಂಡದ ಹೆರ್ಮಾನ್ ಯುಂಕರ್ ಅದನ್ನು ಅಗೆಸಿದರು. ಕಳ್ಳರು ಸಾವಿರಾರು ವರ್ಷ ಮೊದಲೇ ಬಂದು ಹೋಗಿದ್ದರು. ಆಗ ಹೇಳಿದೆನಲ್ಲ ಸೆರ್ದಾಬ್, ಆ ಗೂಡಿಗೂ ಕನ್ನ ಕೊರೆದಿದ್ದರು. ಒಳಗೆ ಕೂತಿದ್ದ ವಿಗ್ರಹದ ತಲೆ ಮುರಿದು ಕಣ್ಣು ಕಿತ್ತುಕೊಂಡಿದ್ದರು. ಕೂರಿಸಿದ ಕಣ್ಣುಗಳಿಗೆ ಬೆಲೆ ಇತ್ತು, ಸುಣ್ಣದಕಲ್ಲಿಗೆ ಇರಲಿಲ್ಲ. ಹಾಗಾಗಿ ಉಳಿದದ್ದನ್ನೆಲ್ಲ ಬಿಟ್ಟು ಹೋದರು. ಉಳಿದದ್ದು ಏನೆಂದರೆ, ಒಂದೂವರೆ ಮೀಟರಿಗೂ ಎತ್ತರದ, ತೋರ ಮೈಯ, ಎದೆ ಜೋತುಬಿದ್ದ, ಹೊಟ್ಟೆ ಮಡಿಕೆ ಬಿದ್ದ ಒಬ್ಬ ನಡುವಯಸ್ಸಿನ ದೊಡ್ಡ ಮನುಷ್ಯ. ಈಜಿಪ್ಟಿನ ಶಿಲ್ಪಿಗಳು ಸಾಮಾನ್ಯವಾಗಿ ಎಲ್ಲರನ್ನೂ ಕಟ್ಟುಮಸ್ತಾಗಿ ಕೆತ್ತುತ್ತಾರೆ, ಇವನನ್ನು ಇದ್ದ ಹಾಗೇ ಕೆತ್ತಿದ ಹಾಗಿದೆ. ಪೀಠದ ಮೇಲೆ ಅವನ ಬಿರುದುಗಳ ಸಾಲು. ವಜೀರ. ರಾಜನ ಎಲ್ಲ ಕಟ್ಟಡ ಕೆಲಸಗಳ ಮೇಲ್ವಿಚಾರಕ. ಅಂದರೆ ದೊಡ್ಡ ಪಿರಮಿಡ್ಡಿನ ಕೆಲಸ ನಡೆಸಿದವನು ಇವನೇ ಇರಬೇಕು ಎಂದು ಹೆಚ್ಚಿನವರು ಒಪ್ಪುತ್ತಾರೆ. ಇದನ್ನು ಪಿರಮಿಡ್ ನಮಗೆ ಹೇಳಲಿಲ್ಲ. ಕಳ್ಳರು ಬೇಡವೆಂದು ಬಿಟ್ಟ ಕಲ್ಲು ಹೇಳಿತು. ಆ ವಿಗ್ರಹ ಈಗ ಜರ್ಮನಿಯ ಹಿಲ್ಡೆಸ್‌ಹೈಮ್ ಮ್ಯೂಸಿಯಮ್ಮಿನಲ್ಲಿದೆ. ವಾಪಸ್ ಕೊಡಿ ಎಂದು ಈಜಿಪ್ಟ್ ಕೇಳುತ್ತಿದೆ, ಕೇಳುವುದು ನ್ಯಾಯ ಎಂದೇ ನನ್ನ ಅಭಿಪ್ರಾಯ.

ಅದು ಜರ್ಮನಿಗೆ ಹೇಗೆ ಹೋಯಿತು? ಅದೂ ಒಂದು ತಮಾಷೆ. 1902-03ರ ಚಳಿಗಾಲದಲ್ಲಿ ಈಜಿಪ್ಟಿನ ಪುರಾತತ್ವ ಇಲಾಖೆ ಗೀಜಾವನ್ನು ಮೂರು ವಿದೇಶಿ ತಂಡಗಳಿಗೆ ಅಗೆಯಲು ಕೊಟ್ಟಿತು. ಅಮೆರಿಕದ ಜಾರ್ಜ್ ರೈಸ್ನರ್, ಇಟಲಿಯ ಎರ್ನೆಸ್ಟೊ ಸ್ಕಿಯಾಪರೆಲ್ಲಿ, ಜರ್ಮನರ ಪರವಾಗಿ ಲುಡ್ವಿಗ್ ಬೋರ್ಖಾರ್ಟ್. ಪಿರಮಿಡ್ಡಿನ ಎದುರಿನ ಮೀನಾ ಹೌಸ್ ಹೋಟೆಲಿನ ವರಾಂಡದಲ್ಲಿ ಕೂತು ಪಡುವಣದ ಬಡಾವಣೆಯನ್ನು ಮೂರು ಪಟ್ಟಿ ಮಾಡಿ, ಚೀಟಿ ಬರೆದು ಟೋಪಿಯಲ್ಲಿ ಹಾಕಿದರು. ರೈಸ್ನರ್ ಹೆಂಡತಿ ಚೀಟಿ ಎತ್ತಿದರು. ಅಷ್ಟೇ. ಈಜಿಪ್ಟಿನವರು ಒಬ್ಬರೂ ಆ ಮೇಜಿನಲ್ಲಿರಲಿಲ್ಲ. ಇಟಲಿಯವರು ಕೆಲವೇ ವರ್ಷದಲ್ಲಿ ತಮ್ಮ ಪಾಲು ರೈಸ್ನರ್‌ಗೆ ಬಿಟ್ಟುಕೊಟ್ಟರು, ಜರ್ಮನರ ಪಾಲು 1911ರಲ್ಲಿ ಯುಂಕರ್ ಕೈಗೆ ಬಂತು. ಆಗಿನ ಕಾನೂನಿನಂತೆ ಸಿಕ್ಕಿದ್ದರಲ್ಲಿ ಅಗೆದವರಿಗೂ ಒಂದು ಪಾಲು. ಹೀಗಾಗಿ ಅಕ್ಕಪಕ್ಕದ ಮನೆಯವರು ಈಗ ಬೇರೆ ಬೇರೆ ದೇಶದಲ್ಲಿದ್ದಾರೆ. ಕಾನಿನಿಸುತ್ ಎಂಬವನ ಎಡೆಕೋಣೆಯಂತೂ ಗೋಡೆ ಸಮೇತ ವಿಯೆನ್ನಾದಲ್ಲಿದೆ. 1929ರಿಂದ ಸುಮಾರು ಹತ್ತು ವರ್ಷ ಕೈರೋ ವಿಶ್ವವಿದ್ಯಾಲಯದ ಸಲೀಂ ಹಸನ್ ಅಗೆಸಿದ ಮೇಲೆಯೇ ಈ ಕೆಲಸದಲ್ಲಿ ಈಜಿಪ್ಟಿನವರ ಹೆಸರು ಪುಸ್ತಕದ ಬೆನ್ನಿನ ಮೇಲೆ ಬಂದದ್ದು.

ಕಳ್ಳರಿಂದ ತಪ್ಪಿಸಿಕೊಂಡ ಇನ್ನೊಂದು ಬಗೆಯ ವಸ್ತು ಇದೆ, ನನಗೆ ಅದು ಬಹಳ ಇಷ್ಟ. ಖುಫು ಕಾಲದ ಪಡುವಣದ ಜಗಲಿಗಳಲ್ಲಿ ಮೊದಮೊದಲು ಹುಸಿಬಾಗಿಲಿನ ಬದಲು ಗೋಡೆಯಲ್ಲಿ ಒಂದು ಚಪ್ಪಡಿ ಕೂರಿಸುತ್ತಿದ್ದರು. ಚಪ್ಪಡಿಯ ಮೇಲೆ ಸತ್ತವರು ರೊಟ್ಟಿ ಜೋಡಿಸಿದ ಮೇಜಿನ ಮುಂದೆ ಕೂತಿರುವ ಚಿತ್ರ, ಪಕ್ಕದಲ್ಲಿ ಪಟ್ಟಿ: ರೊಟ್ಟಿ ಸಾವಿರ, ಬೀರು ಸಾವಿರ, ಬಟ್ಟೆ ಇಷ್ಟು ಬಗೆ. ಇಂಥವು ಹದಿನೈದರಷ್ಟು ಸಿಕ್ಕಿವೆ. ಇವುಗಳಲ್ಲಿ ಕೆಲವು ನಿನ್ನೆ ಬಣ್ಣ ಹಚ್ಚಿದ ಹಾಗಿವೆ. ಕಾರಣ, ಯಜಮಾನರು ಆಮೇಲೆ ಜಗಲಿಗೆ ಹೊಸ ಹೊದಿಕೆ ಹಾಕಿಸುವಾಗ ಚಪ್ಪಡಿಯನ್ನು ಕೀಳದೆ ಅದರ ಮೇಲೆಯೇ ಕಲ್ಲು ಕಟ್ಟಿಸಿದರು. ಬಿಸಿಲಿಲ್ಲ, ಮರಳುಗಾಳಿಯಿಲ್ಲ. ಪ್ಯಾರಿಸಿನ ಲೂವ್ರ್‌ನಲ್ಲಿರುವ ನೆಫರೆತಿಯಾಬೆತ್ ಎಂಬ ರಾಜಕುಮಾರಿಯ ಚಪ್ಪಡಿ ನೋಡಿ, ಅವಳು ಉಟ್ಟ ಚಿರತೆ ಚರ್ಮದ ಚುಕ್ಕೆಗಳನ್ನು ಎಣಿಸಬಹುದು.

ಇನ್ನು ತಲೆಗಳು. ಅದೇ ಬಡಾವಣೆಯಲ್ಲಿ ಗುಂಡಿಗಳ ತಳದಿಂದ ನಿಜವಾದ ತಲೆಯ ಅಳತೆಯ ಬಿಳಿ ಕಲ್ಲಿನ ತಲೆಗಳು ಸಿಕ್ಕಿವೆ. ಮೈ ಇಲ್ಲ, ಮೊದಲಿಂದಲೂ ಇರಲಿಲ್ಲ, ಕುತ್ತಿಗೆಯ ಕೆಳಗೆ ಸಮ ಮಾಡಿ ನಿಲ್ಲಿಸುವಂತೆ ಕೆತ್ತಿದ್ದು. ಕೂದಲಿಲ್ಲ. ಒಟ್ಟು ಮೂವತ್ತು ಚಿಲ್ಲರೆ ಗೊತ್ತಿವೆ, ಹೆಚ್ಚಿನವು ಗೀಜಾದವೇ. ಒಂದೊಂದು ಮುಖವೂ ಬೇರೆ, ಬೀದಿಯಲ್ಲಿ ಎದುರು ಸಿಕ್ಕರೆ ಗುರುತು ಹಿಡಿಯುವಷ್ಟು. ಆದರೆ ಬಹಳಷ್ಟರ ಕಿವಿ ಒಡೆದಿವೆ, ಅಥವಾ ಕಿವಿಯೇ ಇಲ್ಲ. ಕೆಲವುಗಳಲ್ಲಿ ನೆತ್ತಿಯಿಂದ ಹಿಂಗತ್ತಿನವರೆಗೆ ಯಾರೋ ಗೀರಿದ ಒಂದು ಗೆರೆ. ಯಾಕೆ? ಹೆಣದ ತಲೆಗೆ ಏನಾದರೂ ಆದರೆ ಇರಲಿ ಎಂದು ಬದಲಿ ತಲೆ ಇಟ್ಟರು ಎನ್ನುವವರು ಒಂದು ಕಡೆ. ಮುಖದ ಅಚ್ಚು ತೆಗೆಯಲು ಶಿಲ್ಪಿ ಬಳಸಿದ ಮಾದರಿ, ಅಚ್ಚು ಬಿಡಿಸುವಾಗ ಕಿವಿ ಹೋಯಿತು ಎನ್ನುವವರು ಇನ್ನೊಂದು ಕಡೆ. ಸತ್ತವರು ಎದ್ದು ಬಂದು ತೊಂದರೆ ಕೊಡದಿರಲೆಂದು ಬೇಕೆಂದೇ ಊನ ಮಾಡಿದರು ಎನ್ನುವವರೂ ಇದ್ದಾರೆ. ಯಾವ ವಾದಕ್ಕೂ ಎಲ್ಲ ತಲೆಗಳೂ ಒಗ್ಗುವುದಿಲ್ಲ. ಒಂದಕ್ಕೆ ಕಿವಿ ಸರಿಯಿದೆ, ಇನ್ನೊಂದಕ್ಕೆ ಗೆರೆಯಿಲ್ಲ. ಇಲ್ಲಿ ಕಳ್ಳರು ನಮಗೆ ಮಾಡಿದ ನಿಜವಾದ ನಷ್ಟ ಯಾವುದು ಗೊತ್ತಾ? ತಲೆಗಳನ್ನು ಅವರು ಒಯ್ಯಲಿಲ್ಲ, ಪಕ್ಕಕ್ಕೆ ಎಸೆದರು. ಮೊದಲು ಕೋಣೆಯೊಳಗಿತ್ತಾ, ಬಾಗಿಲಲ್ಲಿತ್ತಾ, ಯಾವ ಕಡೆ ಮುಖ ಮಾಡಿತ್ತು, ಅದು ಗೊತ್ತಿದ್ದರೆ ಅರ್ಧ ಜಗಳ ಮುಗಿಯುತ್ತಿತ್ತು. ವಸ್ತು ಸಿಕ್ಕಿತು, ಜಾಗ ಕಳೆದುಹೋಯಿತು. ನಮ್ಮ ಕೆಲಸದಲ್ಲಿ ಜಾಗವೇ ಜಾಸ್ತಿ ಮುಖ್ಯ.

ಜಾಗ ಹಾಳಾಗದೆ ಸಿಕ್ಕರೆ ಹೇಗಿರುತ್ತದೆ ಎನ್ನುವುದಕ್ಕೂ ಗೀಜಾದಲ್ಲೇ ಉದಾಹರಣೆ ಇದೆ. 1925ರ ಫೆಬ್ರವರಿ, ಮೂಡಣ ಪಕ್ಕ. ರೈಸ್ನರ್ ಅಮೆರಿಕದಲ್ಲಿದ್ದರು. ತಂಡದ ಈಜಿಪ್ಟಿನ ಫೋಟೊಗ್ರಾಫರ್ ಕ್ಯಾಮೆರಾ ಸ್ಟ್ಯಾಂಡ್ ನಿಲ್ಲಿಸುತ್ತಿದ್ದಾಗ ಕಾಲು ಬಂಡೆಯ ಮೇಲೆ ಕೂರದೆ ಜಾರಿತು. ನೋಡಿದರೆ ಅದು ಬಂಡೆಯಲ್ಲ, ಬಂಡೆಯ ಹಾಗೆ ಕಾಣಲೆಂದು ಮೆತ್ತಿದ ಗಾರೆ. ಅದರ ಕೆಳಗೆ ಮೆಟ್ಟಿಲು, ಗುಂಡಿ. ಮೇಲೆ ಜಗಲಿಯೇ ಇಲ್ಲ, ಎಡೆಕೋಣೆ ಇಲ್ಲ. ತುಂಬಿದ ಕಲ್ಲು ತೆಗೆಯುತ್ತಾ ಹೋದರೆ 27 ಮೀಟರ್ ಕೆಳಗೆ ಒಂದು ಸಣ್ಣ ಕೋಣೆ. ಒಳಗೆ ಅಲಬಾಸ್ಟರ್ ಎಂಬ ಬಿಳಿಕಲ್ಲಿನ ಶವಪೆಟ್ಟಿಗೆ, ಮುಚ್ಚಳ ಮುಚ್ಚಿದ್ದು. ಸುತ್ತ ನೆಲದ ತುಂಬ ಚಿನ್ನದ ತಗಡು.

ಸಿನಿಮಾದಲ್ಲಾದರೆ ಇಲ್ಲಿ ಎಲ್ಲರೂ ಒಳಗೆ ನುಗ್ಗುತ್ತಾರೆ. ಆದರೆ ಮರವೆಲ್ಲ ಪುಡಿಯಾಗಿ ಹೋಗಿತ್ತು. ಮರಕ್ಕೆ ಹೊದಿಸಿದ್ದ ಚಿನ್ನದ ತಗಡು, ಕೂರಿಸಿದ್ದ ಚೂರುಗಳು ಮಾತ್ರ ಬಿದ್ದ ಜಾಗದಲ್ಲೇ ಇದ್ದವು. ಒಂದು ಚೂರು ಅಲುಗಿದರೆ ಕುರ್ಚಿ ಯಾವುದು, ಮಂಚ ಯಾವುದು ಎಂದು ಮತ್ತೆ ತಿಳಿಯುವುದಿಲ್ಲ. ಅದಕ್ಕೆ ಚಿಮಟದಲ್ಲಿ ಒಂದೊಂದೇ ಚೂರು ಎತ್ತಿದರು. ಎತ್ತುವ ಮೊದಲು ಫೋಟೊ, ನಕ್ಷೆ, ಟಿಪ್ಪಣಿ. ಸಾವಿರಕ್ಕೂ ಹೆಚ್ಚು ಫೋಟೊ ತೆಗೆದರು. ಆ ದಾಖಲೆಯಿಂದಲೇ ಹೊಸ ಮರ ಹಾಕಿ ಒಂದು ಮಂಚ, ಕುರ್ಚಿ, ಪಲ್ಲಕ್ಕಿ, ಪರದೆ ಕಟ್ಟುವ ಚೌಕಟ್ಟು ಎಲ್ಲ ಮತ್ತೆ ನಿಲ್ಲಿಸಿದರು. ಪಲ್ಲಕ್ಕಿಯ ಮೇಲಿನ ಚಿನ್ನದ ಅಕ್ಷರಗಳಲ್ಲಿ ಹೆಸರಿತ್ತು: ಹೆತೆಫೆರೆಸ್, ರಾಜಮಾತೆ. ಖುಫುವಿನ ತಾಯಿ.

1927ರ ಮಾರ್ಚಿನಲ್ಲಿ, ಎರಡು ವರ್ಷ ಕಾದು, ದೊಡ್ಡ ಮನುಷ್ಯರನ್ನೆಲ್ಲ ಕರೆದು ಪೆಟ್ಟಿಗೆಯ ಮುಚ್ಚಳ ಎತ್ತಿದರು. ಖಾಲಿ! ರಾಣಿಯವರು ಇವತ್ತು ಯಾರನ್ನೂ ಭೇಟಿಯಾಗುತ್ತಿಲ್ಲ, ಕ್ಷಮಿಸಿ ಎನ್ನುವ ಅರ್ಥದ ಮಾತು ಹೇಳಿ ರೈಸ್ನರ್ ಬಂದವರನ್ನು ಕಳಿಸಿದರಂತೆ. ವಿಚಿತ್ರವೆಂದರೆ ಪಕ್ಕದ ಗೂಡಿನಲ್ಲಿದ್ದ ಇನ್ನೊಂದು ಸಣ್ಣ ಪೆಟ್ಟಿಗೆಯಲ್ಲಿ ಅವಳ ಕರುಳು, ಈಲಿ ಇಟ್ಟ ಗಂಟುಗಳು ಇದ್ದವು, ಉಪ್ಪುನೀರು ಇನ್ನೂ ಆರಿರಲಿಲ್ಲ. ಹೆಣ ಮಾತ್ರ ಇಲ್ಲ. ರೈಸ್ನರ್ ಒಂದು ಪತ್ತೇದಾರಿ ಕತೆ ಕಟ್ಟಿದರು: ರಾಣಿಯನ್ನು ಮೊದಲು ಗಂಡ ಸ್ನೆಫ್ರು ರಾಜನ ಪಿರಮಿಡ್ ಇರುವ ದಹಶೂರಿನಲ್ಲಿ ಹೂಳಿದ್ದರು, ಕಳ್ಳರು ಹೆಣ ಒಯ್ದರು, ಅಧಿಕಾರಿಗಳು ಮಗನಿಗೆ ಹೆದರಿ ಅದನ್ನು ಮುಚ್ಚಿಟ್ಟು, ಖಾಲಿ ಪೆಟ್ಟಿಗೆಯನ್ನೇ ಗೀಜಾಕ್ಕೆ ತಂದು ಗುಟ್ಟಾಗಿ ಹೂಳಿದರು ಎಂದು. ಓದಲು ಚೆನ್ನಾಗಿದೆ. ಆದರೆ ದಹಶೂರಿನಲ್ಲಿ ಅವಳ ಗೋರಿ ಇವತ್ತಿಗೂ ಯಾರಿಗೂ ಸಿಕ್ಕಿಲ್ಲ. 1985ರಲ್ಲಿ ಅಮೆರಿಕದ ಪುರಾತತ್ವಜ್ಞ ಮಾರ್ಕ್ ಲೆಹ್ನರ್ ಇನ್ನೊಂದು ದಾರಿ ತೋರಿಸಿದರು. ಈ ಗುಂಡಿಯೇ ಅವಳ ಮೊದಲ ಗೋರಿ, ಆಮೇಲೆ ನಕ್ಷೆ ಬದಲಾಗಿ ಪಕ್ಕದಲ್ಲಿ ಅವಳಿಗೆಂದೇ ಸಣ್ಣ ಪಿರಮಿಡ್ ಎದ್ದಾಗ ಹೆಣವನ್ನು ಅಲ್ಲಿಗೆ ಸಾಗಿಸಿದರು, ಹಳೆಯ ಸಾಮಾನು ಇಲ್ಲೇ ಉಳಿಯಿತು ಎಂದು. ನನಗೆ ಇದೇ ಹೆಚ್ಚು ಸಹಜ ಅನ್ನಿಸುತ್ತದೆ, ಸುಳ್ಳು ಹೇಳುವ ಅಧಿಕಾರಿಗಳು ಬೇಕಾಗುವುದಿಲ್ಲ. ಆದರೂ ಕರುಳಿನ ಪೆಟ್ಟಿಗೆಯನ್ನು ಯಾಕೆ ಬಿಟ್ಟು ಹೋದರು ಎಂದು ಕೇಳಿದರೆ ಲೆಹ್ನರ್ ವಾದವೂ ಸ್ವಲ್ಪ ತಡವರಿಸುತ್ತದೆ.

ಗೋರಿ ಮಾತಾಡುತ್ತದೆ ಎಂದೆನಲ್ಲ, ಅದಕ್ಕೆ ಅವಳ ವಂಶದ್ದೇ ಇನ್ನೊಬ್ಬಳು ಸಾಕ್ಷಿ. ಮೆರೆಸಂಖ್, ಖುಫುವಿನ ಮೊಮ್ಮಗಳು, ಖಾಫ್ರೆ ರಾಜನ ಹೆಂಡತಿ. 1927ರಲ್ಲಿ ಸಿಕ್ಕಿದ ಗೋರಿ. ಜಗಲಿಯ ಕೆಳಗೆ ಬಂಡೆಯಲ್ಲೇ ಕೊರೆದ ಎಡೆಕೋಣೆ, ಬಣ್ಣ ಇನ್ನೂ ಇದೆ, ಒಂದು ಗೋಡೆಯಲ್ಲಿ ಹತ್ತು ಹೆಂಗಸರು ಸಾಲಾಗಿ ನಿಂತಿದ್ದಾರೆ. ಬಾಗಿಲ ಪಕ್ಕದಲ್ಲಿ ಅವಳು ಸತ್ತ ದಿನ, ಗೋರಿಗೆ ಬಂದ ದಿನ ಎರಡನ್ನೂ ಕೆತ್ತಿದ್ದಾರೆ. ನಡುವೆ ಒಂಬತ್ತು ತಿಂಗಳ ಅಂತರ! ಹೆಣ ಕೆಡದಂತೆ ಮಾಡುವ ಕೆಲಸಕ್ಕೆ 70 ದಿನ ಎಂದು ನಾವೆಲ್ಲ ಓದಿದ್ದು ಬಹಳ ಆಮೇಲಿನ ಕಾಲದ ಬರಹಗಳಿಂದ, ಇವಳ ಲೆಕ್ಕ ಅದಕ್ಕೆ ಕೂಡುವುದೇ ಇಲ್ಲ. ಪ್ರಾಯಶಃ ಗೋರಿ ಸಿದ್ಧವಾಗಿರಲಿಲ್ಲ. ಯಾಕೆಂದರೆ ಅವಳ ಕಪ್ಪು ಕಲ್ಲಿನ ಪೆಟ್ಟಿಗೆ ಅವಳಿಗಾಗಿ ಮಾಡಿಸಿದ್ದಲ್ಲ. ತಾಯಿ ತನಗಾಗಿ ಮಾಡಿಸಿಟ್ಟುಕೊಂಡಿದ್ದನ್ನು ಮಗಳಿಗೆ ಕೊಟ್ಟೆ ಎಂದು ಅದರ ಮೇಲೆಯೇ ಬರೆಸಿದ್ದಾಳೆ. ಮಗಳು ತಾಯಿಗಿಂತ ಮೊದಲು ಹೋದಳು ಎಂಬುದನ್ನು ಕಲ್ಲಿನ ಮೇಲೆ ಓದುವುದಿದೆಯಲ್ಲ, ಆಗ ಯಾಕೋ ರಾಜವಂಶದ ಅಂಕಿಗಳೆಲ್ಲ ಮರೆತುಹೋಗುತ್ತವೆ.

ಇನ್ನು ಗುಲಾಮರ ಪ್ರಶ್ನೆ. ನೀವು ನೋಡಿದ ಕಟ್ಟೆಗಳು ಅವರದಲ್ಲ ಎಂದು ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು. ಕೆಲಸಗಾರರ ಗೋರಿಗಳು ದಕ್ಷಿಣಕ್ಕೆ, ಕಾಗೆಗೋಡೆ ಎಂದು ಕರೆಯುವ ದೊಡ್ಡ ಕಲ್ಲುಗೋಡೆಯ ಆಚೆ, ದಿಬ್ಬದ ಮೇಲಿವೆ. 1990ರಲ್ಲಿ ಅಲ್ಲಿ ಒಂದು ಕುದುರೆ ಎಡವಿತು, ಎಡವಿದ್ದು ಹಸಿ ಇಟ್ಟಿಗೆಯ ಗೋಡೆಗೆ. (ಕ್ಯಾಮೆರಾ ಕಾಲು, ಕುದುರೆ ಕಾಲು. ಗೀಜಾದಲ್ಲಿ ಎಡವಿದವರೇ ಪುಣ್ಯವಂತರು.) ಈಜಿಪ್ಟಿನ ಪುರಾತತ್ವಜ್ಞ ಜಾಹಿ ಹವಾಸ್ ತಂಡ ಅಗೆದಾಗ ಸಾಲು ಗೋರಿಗಳು ಸಿಕ್ಕವು. ಕಟ್ಟಿದ್ದು ಹಸಿ ಇಟ್ಟಿಗೆ, ಪಿರಮಿಡ್ ಕೆಲಸದಲ್ಲಿ ಉಳಿದ ಕಲ್ಲಿನ ಚೂರುಗಳಿಂದ. ಆದರೆ ನಕ್ಷೆ ಅದೇ. ಸಣ್ಣ ಜಗಲಿ, ಹುಸಿಬಾಗಿಲು, ಬೀರಿನ ಮಡಕೆ. ಒಬ್ಬನ ಗೋರಿಯಲ್ಲಿ ಶಾಪ ಬರೆದಿದ್ದಾರೆ, ಇದಕ್ಕೆ ಕೇಡು ಮಾಡಿದವರನ್ನು ಮೊಸಳೆ, ನೀರಾನೆ, ಸಿಂಹ ತಿನ್ನಲಿ ಎಂದು. ಮೂಳೆಗಳಲ್ಲಿ ಬೆನ್ನು, ಮಂಡಿ ಸವೆದ ಗುರುತು ಧಾರಾಳ, ಅದರ ಜತೆಗೇ ಮುರಿದ ಕೈಕಾಲು ನೆಟ್ಟಗೆ ಕೂಡಿಕೊಂಡದ್ದೂ ಇದೆ. ಅಂದರೆ ಯಾರೋ ದಬ್ಬೆ ಕಟ್ಟಿ ನೋಡಿಕೊಂಡಿದ್ದಾರೆ. ರಾಜನ ಪಿರಮಿಡ್ ಕಾಣುವ ಜಾಗದಲ್ಲಿ ಹೀಗೆ ಹೂಳಿಸಿಕೊಂಡವರು ಗುಲಾಮರಲ್ಲ. ಹಾಗೆಂದು ಎಲ್ಲರೂ ಭಕ್ತಿಯಿಂದ ಕುಣಿಯುತ್ತಾ ಬಂದು ಕಲ್ಲು ಎಳೆದರು ಎಂದೂ ಹೇಳಬೇಡಿ. ಊರೂರಿಂದ ಸರದಿ ಮೇಲೆ ಕರೆಸಿಕೊಂಡ ಬಿಟ್ಟಿ ಕೆಲಸ ಇದ್ದೇ ಇತ್ತು. ಗೋರಿ ಸಿಕ್ಕಿದ್ದು ಹೆಚ್ಚಾಗಿ ಮೇಸ್ತ್ರಿಗಳಿಗೆ, ಕಸುಬಿನವರಿಗೆ. ಸರದಿ ಮುಗಿಸಿ ಊರಿಗೆ ಹೋಗಿ ಸತ್ತವನ ಗುರುತು ಇಲ್ಲಿಲ್ಲ.

ದೊಡ್ಡವರ ಗೋರಿಯಾದರೂ ಯಾರು ಕಟ್ಟುತ್ತಿದ್ದರು ಎನ್ನುವುದಕ್ಕೆ ದೆಬೆಹೆನ್ ಎಂಬ ಅಧಿಕಾರಿ ತನ್ನ ಗೋಡೆಯ ಮೇಲೆ ಉತ್ತರ ಬರೆಸಿಟ್ಟಿದ್ದಾನೆ. ಮೂರನೇ ಪಿರಮಿಡ್ಡಿನ ಮೆಂಕೌರೆ ರಾಜ ಕೆಲಸ ನೋಡಲು ಬಂದಾಗ ಇವನ ಗೋರಿಗೂ 50 ಆಳು ಗೊತ್ತು ಮಾಡಿದನಂತೆ. ಸಾಹೇಬರು ಸೈಟಿಗೆ ಬಂದಾಗ ಕೆಲಸ ಮಾಡಿಸಿಕೊಳ್ಳುವ ಜಾಣತನ ಹಳೆಯದೇ.

ಕೊನೆಯ ಪ್ರಶ್ನೆ, ಅಗೆಯದೆ ಉಳಿದದ್ದು ಏನಾದರೂ ಇದೆಯಾ ಎಂದು. ಎರಡು ಕಡೆ ಇದೆ. ಒಂದು, ಕಾಗದದಲ್ಲಿ. ರೈಸ್ನರ್ ಕೈಕೆಳಗೆ ಕೆಲಸ ಮಾಡಿದ ಮೇಸ್ತ್ರಿಗಳು ದಕ್ಷಿಣದ ಕಿಫ್ತ್ ಊರಿನವರು. ದಿನದ ಕೆಲಸವನ್ನು ಅರಬ್ಬಿಯಲ್ಲಿ ದಿನಚರಿಯಾಗಿ ಬರೆದಿಟ್ಟಿದ್ದರು. ಆ ಪುಸ್ತಕಗಳು ದಶಕಗಳ ಕಾಲ ಅವರ ಮನೆಗಳಲ್ಲೇ ಇದ್ದವು. ಈಗ ಹಾರ್ವರ್ಡ್‌ನವರು ಅವನ್ನು ಫೋಟೊ, ನಕ್ಷೆಗಳ ಜತೆ ಕಂಪ್ಯೂಟರಿಗೆ ಸೇರಿಸಿ ಎಲ್ಲರಿಗೂ ನೋಡಲು ಬಿಟ್ಟಿದ್ದಾರೆ. ಸಾಹೇಬರ ಟಿಪ್ಪಣಿಯಲ್ಲಿ ಬಾರದ ಎಷ್ಟೋ ವಿಷಯ, ಯಾವ ಗುಂಡಿಯಲ್ಲಿ ಯಾರು ಇಳಿದರು, ಯಾವ ದಿನ ಏನು ಸಿಕ್ಕಿತು ಎಂಬುದು, ಅವುಗಳಲ್ಲಿವೆ. ಮನೆಯಲ್ಲಿ ಕೂತೇ ನೀವು ನೋಡಬಹುದು, ಜಿ 4000 ಎಂದು ಹುಡುಕಿ, ಗೈಡ್ ತೋರಿಸದ್ದು ಸಿಗುತ್ತದೆ.

ಇನ್ನೊಂದು, ನೆಲದಲ್ಲೇ. ಪಡುವಣದ ಬಡಾವಣೆಯ ನಡುವೆ ಒಂದು ಬಯಲಿದೆ, ಮೇಲೆ ಜಗಲಿ ಇಲ್ಲ ಎಂದು ಯಾರೂ ಅದರ ಗೋಜಿಗೆ ಹೋಗಿರಲಿಲ್ಲ. 2021ರಿಂದ 2023ರವರೆಗೆ ಜಪಾನ್ ಮತ್ತು ಈಜಿಪ್ಟಿನವರು ಸೇರಿ ಅಲ್ಲಿ ರೇಡಾರ್ ಮತ್ತು ವಿದ್ಯುತ್ ಅಳತೆಯಿಂದ ನೆಲದೊಳಗೆ ನೋಡಿದರು. 2024ರಲ್ಲಿ ಪ್ರಕಟಿಸಿದರು. ಎರಡು ಮೀಟರ್ ಒಳಗಿನ ಆಳದಲ್ಲಿ ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ತಿರುಗಿದ, ಹತ್ತು ಮೀಟರ್ ಉದ್ದದ ಏನೋ ಒಂದು, ಮರಳು ತುಂಬಿದ್ದು. ಅದರ ಕೆಳಗೆ, ಐದರಿಂದ ಹತ್ತು ಮೀಟರ್ ಆಳದಲ್ಲಿ ಇನ್ನೊಂದು. ಪತ್ರಿಕೆಗಳು ಆಗಲೇ ಗುಪ್ತ ದ್ವಾರ ಎಂದು ಕೂಗಿದವು. ಅಷ್ಟು ನೆಟ್ಟಗೆ ತಿರುವು ತೆಗೆದುಕೊಳ್ಳುವ ಗೆರೆ ತಾನಾಗಿ ಆಗುವುದು ಅಪರೂಪ ನಿಜ. ಆದರೆ ಕೆಳಗಿನದು ಜಲ್ಲಿ ತುಂಬಿದ ಬಂಡೆಯ ಸಂದಿಯೂ ಇರಬಹುದು, ಹಳೆಯ ಗುಂಡಿಯೂ ಇರಬಹುದು. ಮೇಲಿನ ಜಗಲಿ ಇಲ್ಲದೆಯೂ ಕೆಳಗೆ ಗೋರಿ ಇರುತ್ತದೆ ಎಂದು ಹೆತೆಫೆರೆಸ್ ಆಗಲೇ ತೋರಿಸಿದ್ದಾಳೆ, ಅದಕ್ಕೇ ನಾನು ಇದನ್ನು ಸುಮ್ನೆ ತಳ್ಳಿಹಾಕುತ್ತಿಲ್ಲ. ಸಲಿಕೆ ಹಾಕಿ ನೋಡಬೇಕು.